ಕ್ಯಾಂಟೀನ್ ಗೋಡೆಯ ಚಿತ್ರ

ಮೀಟಿಂಗಿನಲ್ಲಿ ಗೊರಕೆ ಹೊಡೆಯುವ ಜನರಲ್ ಮ್ಯಾನೇಜರರ ವ್ಯಂಗ್ಯಚಿತ್ರ ಬರೆದು ಮಂದಾಕಿನಿ ಆಫೀಸಿನ ಕ್ಯಾಂಟೀನ್ ಗೋಡೆಗೆ ಅಂಟಿಸಿದಳು. ಜನ ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಆ ಸಾಹೇಬರಿಂದಲೇ ಕರೆ ಬಂತು. ಕೆಲಸ ಹೋಯಿತೆಂದೇ ಅಂದುಕೊಂಡು ಒಳಗೆ ಹೋದಳು.

"ಬರೆದಿದ್ದು ನೀವೇನಾ?"

"ಹೌದು ಸರ್, ತಪ್ಪಾಯ್ತು."

"ತಪ್ಪೇನು ಬಂತು? ಇಂಥ ಪ್ರತಿಭೆನೇ ನಮಗೆ ಬೇಕಾಗಿರೋದು. ಇದನ್ನ ಕಂಪನಿ ಪತ್ರಿಕೆಗೇ ಕೊಡಿ."

ಅವಳು ಖುಷಿಯಿಂದ ಅದೇ ಚಿತ್ರವನ್ನು ಇನ್ನಷ್ಟು ಚೆನ್ನಾಗಿ ಬರೆದುಕೊಟ್ಟಳು. ಒಪ್ಪಿಗೆಗೆಂದು ಅದು ಟೇಬಲ್ಲಿನಿಂದ ಟೇಬಲ್ಲಿಗೆ ಹೋಯಿತು. ಕಾನೂನು ವಿಭಾಗದವರು ಗೊರಕೆ ತೆಗೆಸಿದರು. ಎಚ್‌ಆರ್‌ನವರು ಕಣ್ಣು ತೆರೆಸಿದರು. ಪ್ರಚಾರ ವಿಭಾಗದವರು ಹೊಟ್ಟೆ ಕರಗಿಸಿದರು.

ಕೊನೆಗೆ ಜನರಲ್ ಮ್ಯಾನೇಜರ್ ಅದನ್ನು ಬಹಳ ಹೊತ್ತು ನೋಡಿದರು.

"ಎಲ್ಲಾ ಸರಿಯಾಗಿದೆಯಮ್ಮಾ, ನಗುವೇ ಬರ್ತಿಲ್ಲ. ನಿಮ್ಮನ್ನ ಹಾಸ್ಯದ ಟ್ರೈನಿಂಗಿಗೆ ಕಳಿಸ್ತೀನಿ."