ನಡುವಿನ ಹೆಸರು

"ಅಕ್ಕಾ, ಇಕಿ ಕಂಪ್ಯೂಟರ್ ಕಲಿಯೂದು ಈ ಜನ್ಮದಾಗ ಆಗೂದಿಲ್ಲ, ಬರದಿಟ್ಕೋ" ಎಂದು ಅವ್ವನಿಗೆ ಹೇಳಿದವನು ನನ್ನ ಸೋದರಮಾವ. ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸಿನ ಪರೀಕ್ಷೆಯಲ್ಲಿ ನಾನು ಫೇಲಾದರೆ ಶಾಲೆಯನ್ನೂ ಬಿಡಿಸಿ, ಅವ್ವನ ಜೊತೆ ತಂಬಾಕಿನ ವಖಾರಿಗೆ ಕೂಲಿಗೆ ಕಳಿಸುವುದೆಂದು ಅವನೇ ತೀರ್ಮಾನಿಸಿದ್ದ. ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು; ಆದರೂ ತಂಬಾಕಿನ ಘಾಟು ಮೂಗಿಗೆ ಬಡಿದರೆ ಇಂದಿಗೂ ದಾರಿ ಬದಲಿಸುತ್ತೇನೆ.

ಪರೀಕ್ಷೆಯಲ್ಲಿ ಪರದೆಯ ಮೇಲೆ ನಮ್ಮ ಪೂರ್ತಿ ಹೆಸರು ಮೂಡಿಸುವ ಪ್ರೋಗ್ರಾಂ ಬರೆಯಬೇಕಿತ್ತು. ನಮ್ಮ ಕಡೆ ಪೂರ್ತಿ ಹೆಸರೆಂದರೆ ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಮೂರಕ್ಕೂ ಒಂದೊಂದು %s ಎಂಬ ಗುರುತು ಹಾಕಿ ಜಾಗ ಬಿಟ್ಟಿದ್ದೆ. ಕೊಟ್ಟದ್ದು ಮಾತ್ರ ಎರಡೇ ಹೆಸರು. ಅಪ್ಪ ನಮ್ಮನ್ನು ಬಿಟ್ಟು ಇಚಲಕರಂಜಿಯಲ್ಲಿ ಬೇರೆ ಸಂಸಾರ ಹೂಡಿದ್ದ. ಅವನ ಹೆಸರು ಟೈಪ್ ಮಾಡಲು ಬೆರಳೇ ಏಳಲಿಲ್ಲ. ಮತ್ತೆ ಮತ್ತೆ ಓಡಿಸಿದೆ. ಪ್ರತಿಸಲವೂ ಕೆಂಪು ಅಕ್ಷರದಲ್ಲಿ ಅದೇ ಎರರ್. ಉಳಿದವರೆಲ್ಲ ಮುಗಿಸಿ ಎದ್ದುಹೋದರು. ಅಳು ಬಂದು ಕೀಲಿಮಣೆಯೇ ಕಾಣದಾಯಿತು.

ಕ್ಲಾಸಿನ ಸರ್ ಬಗ್ಗಿ ನೋಡಿದರು. "ಮೂರು ಜಾಗ ಬಿಟ್ಟಿ, ಎರಡ ಹೆಸರು ಕೊಟ್ಟಿ. ಅದಕ್ಕ ಅದು ಮುಂದ ಹೋಗವಲ್ದು."

"ನಡುವಿನ ಜಾಗ ತಗೀಲೇನ್ರಿ ಸರ್?"

"ಪ್ರಶ್ನೆದಾಗ ಮೂರು ಅಂತ ಐತಲ್ಲವಾ. ಲಗೂ ಮಾಡು, ವ್ಯಾಳ್ಯಾ ಆತು."

ಕಣ್ಣೊರೆಸಿಕೊಂಡು ನಡುವೆ ಅವ್ವನ ಹೆಸರು ಹಾಕಿ ಓಡಿಸಿದೆ. ಸಾಲು ಪೂರ್ತಿ ಮೂಡಿತು. ಸರ್ ಪಾಸ್ ಮಾಡಿ, ಹೆಸರನ್ನು ಪರದೆಯ ಮೇಲಿದ್ದಂತೆಯೇ ಸರ್ಟಿಫಿಕೇಟಿನಲ್ಲಿ ಬರೆದುಕೊಟ್ಟರು.

ಮನೆಗೆ ಬಂದು ಅದನ್ನು ಅವ್ವನ ಕೈಗಿಟ್ಟೆ. ಅವಳಿಗೆ ಓದು ಬಾರದು. ಅವಳ ಬೆರಳು ಹಿಡಿದು ನಡುವಿನ ಹೆಸರಿನ ಮೇಲಿಟ್ಟು, "ಇದು ನಿನ್ನ ಹೆಸರು ಬೇ" ಎಂದೆ. ಅವ್ವ ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ಇದರಾಗ ನನ್ನ ಹೆಸರ್ಯಾಕ ಹಾಕ್ಸಿದಿವಾ?" ಎಂದಳು. "ಪರೀಕ್ಷಾ ಬರದಾಕಿ ನೀನು."