ರೇಷ್ಮೆಯ ಮುಷ್ಟಿಗಳು

ಕದ ತಟ್ಟಲು ಎತ್ತಿದ ಡೆಸ್ಮಂಡ್ ಹಿಬರ್ಟನ ಕೈ ಅಲ್ಲೇ ನಿಂತಿತು. ಒಳಗೆ ಏನೋ ಧಡ್ಡೆಂದು ಗೋಡೆಗೆ ಅಪ್ಪಳಿಸಿತು. ಮತ್ತೊಂದು ಏಟು. ಹಿಂದೆಯೇ, ಬಾಯಿಗೆ ಬಟ್ಟೆ ತುರುಕಿದಂಥ ಒಂದು ನರಳಿಕೆ.

ಈ ಮನೆಯ ರೇಷ್ಮೆಚಿತ್ರಗಳನ್ನು ನೋಡಲು ಆಗಾಗ ಬರುವ ಅವನಿಗೆ ಈ ಸದ್ದು ಹೊಸದಲ್ಲ. ಹಿಂದೆಲ್ಲ ಗಂಡ ಹೆಂಡತಿಯ ಜಗಳ, ನಮಗ್ಯಾಕೆ ಊರ ಉಸಾಬರಿ ಎಂದು ಸುಮ್ಮನಾಗಿದ್ದ. ಇವತ್ತು ಕದವನ್ನು ಜೋರಾಗಿ ಬಡಿದ.

ತೆರೆದವಳು ಮೇವಿಸ್ ಓಕ್ಲಿ. ಗುಬ್ಬಿಯಂಥ ಹೆಂಗಸು. ಕೂದಲು ಕೆದರಿತ್ತು, ಏದುಸಿರು ಬರುತ್ತಿತ್ತು, ಕೈಗೆ ಬಿಳಿ ಹತ್ತಿಯ ಗವಸು.

"ಬನ್ನಿ ಮಿಸ್ಟರ್ ಹಿಬರ್ಟ್. ಕಪಾಟು ಸರಿಸ್ತಾ ಇದ್ವಿ ಅಷ್ಟೆ" ಎಂದು ನಕ್ಕಳು.

ನಡುಹಗಲಾದರೂ ಒಳಗೆ ಕತ್ತಲು. ಅದರಲ್ಲಿ ವಿಶೇಷವೇನಿಲ್ಲ. ಇಂಗ್ಲೆಂಡಿನ ಈ ಕೊವೆಂಟ್ರಿಯಲ್ಲಿ ರೇಷ್ಮೆಚಿತ್ರ ಕೂಡಿಡುವವರು ಯಾರೂ ಪರದೆ ಸರಿಸುವುದಿಲ್ಲ. ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ. ಗವಸಿಲ್ಲದೆ ಚಿತ್ರ ಮುಟ್ಟುವುದೂ ಇಲ್ಲ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇದೇ ಊರಿನ ರಿಬ್ಬನ್ ನೇಕಾರರು ನೇಯ್ದ ಬಾಕ್ಸರುಗಳ ಚಿತ್ರಗಳು ಅವು. ಅಂಗೈಯಗಲದ ರೇಷ್ಮೆಯಲ್ಲಿ ಬರಿಮೈ, ಬಿಗಿದ ಮುಷ್ಟಿ. ಡೆಸ್ಮಂಡ್ ಅರ್ಧ ಆಯುಸ್ಸನ್ನು ಆ ಮುಷ್ಟಿಗಳನ್ನು ನೋಡುವುದರಲ್ಲೇ ಕಳೆದಿದ್ದ. ಏಟಿನ ವಿಷಯದಲ್ಲಿ ತನಗೆ ತಿಳಿಯದ್ದಿಲ್ಲ ಎಂಬ ಹಮ್ಮೂ ಇತ್ತು.

ಮೇಜಿನ ಮೇಲೆ ರೇಷ್ಮೆಯ ಬಾಕ್ಸರ್ ಜೆಮ್ ಕಾರ್ಬೆಲ್ ಮಲಗಿದ್ದ, ಆ ಮನೆಯ ಸಂಗ್ರಹಕ್ಕೇ ಕಿರೀಟ. ಅವನ ರಟ್ಟಿನ ಚೌಕಟ್ಟಿನ ಮೂಲೆ ಮುರಿದಿತ್ತು. ಹಳೆಯ ರಟ್ಟು ಕೆಟ್ಟರೆ ಚಿತ್ರದ ಅರ್ಧ ಜೀವ ಹೋದ ಹಾಗೆ.

"ಅಯ್ಯೋ! ಇದೇನಾಯ್ತು?"

"ಬಿದ್ಬಿಡ್ತು" ಎಂದು ಮೇವಿಸ್ ತಲೆ ತಗ್ಗಿಸಿದಳು.

ಯಾರ ಕೈಯಿಂದ ಎಂದು ಡೆಸ್ಮಂಡ್ ಕೇಳಲಿಲ್ಲ. ಅದನ್ನೂ ಬಾಯಿಬಿಟ್ಟು ಕೇಳಬೇಕೇ?

ಅವಳ ಗಂಡ ಕ್ಲೆಮೆಂಟ್ ಮೂಲೆಯ ಕುರ್ಚಿಯಲ್ಲಿದ್ದ. ಗೂಳಿಯಂಥ ಆಳು, ಕಾರು ಕಾರ್ಖಾನೆಯಲ್ಲಿ ಎಂಜಿನ್ ಎತ್ತಿ ಬೆಳೆದ ತೋಳು. ಬಂದವನಿಗೆ ಎದ್ದು ಕೈಕುಲುಕುವಷ್ಟು ಸೌಜನ್ಯವೂ ಅವನಿಗಿರಲಿಲ್ಲ.

ಚಹಾ ಬಗ್ಗಿಸಲು ಮೇವಿಸ್ ಗವಸು ಕಳಚಿದಳು. ಬೆರಳ ಗೆಣ್ಣುಗಳು ಊದಿಕೊಂಡಿದ್ದವು, ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಪಾಪ, ಏಟು ತಡೆಯಲು ಕೈ ಅಡ್ಡ ಹಿಡಿದಿದ್ದಾಳೆ. ಡೆಸ್ಮಂಡ್ ಅವಳತ್ತ ಬಾಗಿದ.

"ಕ್ಲೆಮೆಂಟ್ ಕೈ ಮಾಡ್ತಾನಾ?" ಪಿಸುಗುಟ್ಟಿದ.

"ಕ್ಲೆಮೆಂಟಾ? ದೇವರಾಣೆಗೂ ಇಲ್ಲ. ನೊಣಾನೂ ಹೊಡೆಯೋನಲ್ಲ. ನನ್ನ ಕೈ ತಾನೆ, ವಾಸಿಯಾಗುತ್ತೆ ಬಿಡಿ."

ಏಟು ತಿಂದ ಹೆಂಗಸರೆಲ್ಲ ಹೇಳುವ ಮಾತೇ ಇದು. ಡೆಸ್ಮಂಡ್ ಬಟ್ಟಲು ಕೆಳಗಿಟ್ಟ.

"ಮಿಸೆಸ್ ಓಕ್ಲಿ, ಹೊರಗೆ ನನ್ನ ಕಾರಿದೆ. ನನ್ನ ತಂಗಿ ಮನೆಗೆ ಕರ್ಕೊಂಡು ಹೋಗ್ತೀನಿ. ಉಟ್ಟ ಬಟ್ಟೇಲಿ ಹೊರಡಿ. ಇಲ್ಲಿದ್ರೆ ಒಂದಿನ ಹೆಣ ಬೀಳುತ್ತೆ."

"ನಾನ್ಯಾಕೆ ಹೋಗ್ಲಿ? ಇದು ನನ್ನ ಮನೆ. ಈ ಚಿತ್ರಗಳೆಲ್ಲ ನಮ್ಮಪ್ಪ ಬಿಟ್ಟುಹೋಗಿದ್ದು."

ಆಗ ಕ್ಲೆಮೆಂಟ್ ಬಾಯಿ ಬಿಟ್ಟ. "ನೀವು ಬಂದು ಹೋದ್ಮೇಲೆ ಈ ಮನೇಲಿ ಏನಾಗುತ್ತೆ ಅಂತ ನಿಮಗೇನ್ರೀ ಗೊತ್ತು?"

"ಏನೋ, ನನ್ನೆದುರೇ ಬೆದರಿಸ್ತೀಯಾ?"

ಕ್ಲೆಮೆಂಟ್ ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದ. ಹತ್ತಿರ ಬಂದು ಡೆಸ್ಮಂಡನ ತೋಳು ಬಿಗಿಯಾಗಿ ಹಿಡಿದ.

"ಹೊರಗೆ ಬನ್ನಿ. ನಾವಿಬ್ರೇ."

ಆ ಊರಿನಲ್ಲಿ ಗಂಡಸು ಗಂಡಸನ್ನು ಹಾಗೆ ಕರೆಯುವುದು ಕಾಳಗಕ್ಕೆ. ಡೆಸ್ಮಂಡ್ ಹೊರಗೆ ಹೋಗುವ ತನಕ ಕಾಯಲಿಲ್ಲ.

ಮೊದಲ ಗುದ್ದಿಗೆ ಕ್ಲೆಮೆಂಟನ ಮೂಗಿನ ಮೂಳೆ ಲಟಕ್ಕೆಂದಿತು. ಎರಡನೆಯದಕ್ಕೆ ತುಟಿ ಸೀಳಿ ಹಲ್ಲೊಂದು ಕಿತ್ತು ಬಂತು. ರಕ್ತ ಗದ್ದದಿಂದ ಅಂಗಿಗಿಳಿಯಿತು. ಡೆಸ್ಮಂಡ್ ಹೊಡೆಯುತ್ತಲೇ ಹೋದ. ಆ ಗೂಳಿ ತಿರುಗಿ ಒಂದು ಏಟೂ ಹಾಕಲಿಲ್ಲ. ಮುಖವನ್ನು ಹಾಗೇ ಬಿಟ್ಟು ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು ನಿಂತಿತ್ತು. ಹೇಡಿ! ಹೆಂಗಸಿನ ಮೇಲೆ ಮಾತ್ರ ಇವನ ಪೌರುಷ. ಕಾಲಿನಿಂದ ಒದ್ದ. ಕ್ಲೆಮೆಂಟ್ ಬೆಂಕಿಗೂಡಿನ ಕಲ್ಲಿಗೆ ತಲೆ ಬಡಿದುಕೊಂಡು ಬಿದ್ದ.

ಡೆಸ್ಮಂಡ್ ಏದುಸಿರು ಬಿಡುತ್ತಾ ನಿಂತ. ಖುಷಿಯಾಗಿತ್ತು ಅವನಿಗೆ, ಸುಳ್ಳೇಕೆ? ಜೀವಮಾನವೆಲ್ಲ ಚಿತ್ರದ ಮುಷ್ಟಿ ನೋಡಿದವನು ಕೊನೆಗೂ ತನ್ನ ಮುಷ್ಟಿಯಿಂದ ಒಂದು ಒಳ್ಳೆಯ ಕೆಲಸ ಮಾಡಿದ್ದ.

"ಇನ್ನು ಹೆದರ್ಬೇಡಿ. ಇನ್ಮೇಲೆ ಈ ಮನೇಲಿ ಯಾರೂ ಏಟು ತಿನ್ನೋ ಹಾಗಿಲ್ಲ" ಎಂದ.

ಮೇವಿಸ್ ಗಂಡನ ಪಕ್ಕ ಮಂಡಿಯೂರಿದಳು. ಅವಳ ಕೈ ಮುಂದೆ ಬಂದದ್ದೇ ತಡ, ಅಷ್ಟು ದೊಡ್ಡ ಆಳು ಕಲ್ಲಿಗೆ ಬೆನ್ನೊತ್ತಿ ಮುದುರಿಕೊಂಡ. ಅವಳು ಅವನ ಗದ್ದ ಹಿಡಿದು ಮುಖವನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಲೊಚಗುಟ್ಟಿದಳು. ಡೆಸ್ಮಂಡನತ್ತ ಬೇಸರದಿಂದ ನೋಡಿದಳು.

"ಮುಖಕ್ಕೆ ಹೊಡೀಬಾರ್ದಿತ್ತು ಮಿಸ್ಟರ್ ಹಿಬರ್ಟ್. ಜನ ನೋಡ್ತಾರೆ ಅಂತ, ಇಷ್ಟು ವರ್ಷ ಹೊಡೆದ್ರೂ ನಾನು ಒಂದ್ಸಲಾನೂ ಮುಖ ಮುಟ್ಟಿಲ್ಲ."