ಎಡಗೈ ಹುರಿ

ಬದುಕಿರುವ ಹಿರಿಯರೊಬ್ಬರ ಮೇಲೆ ಅನುಮಾನ ಬರುವಂಥ ಕತೆ ಹೇಳುವುದು ತಪ್ಪೇ ಇರಬಹುದು. ಹೇಳದೆ ಇಟ್ಟುಕೊಂಡರೂ ಸಮಾಧಾನವಿಲ್ಲ. ಅದಕ್ಕೇ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು.

ಭೀಮೇಶ್ ಬೆಳಿಗ್ಗೆ ಎಂಟಕ್ಕೆ ತಿಲಕ್ ನಗರದ ತನ್ನ ಗ್ಯಾರೇಜಿಗೆ ಬಂದಾಗ ಷಟರ್ ಅರ್ಧ ಎತ್ತಿತ್ತು. ಒಳಗೆ ಅವನ ಅಪ್ಪ ಪಾಪಯ್ಯ ಸ್ಟೂಲಿನ ಮೇಲೆ ಕೂತು, ನಿನ್ನೆ ಸಂಜೆ ಲಾರಿಯಲ್ಲಿ ಬಂದಿಳಿದ ಕಾರನ್ನು ನೋಡುತ್ತಿದ್ದರು. ಮಂಡಿನೋವೆಂದು ಮೂರು ವರ್ಷದಿಂದ ಗ್ಯಾರೇಜಿನ ಕಡೆ ತಲೆ ಹಾಕದ ಮನುಷ್ಯ.

"ಬೀಗ ಯಾರಪ್ಪ ತೆಗೆದಿದ್ದು?"

"ತೆಗೆದೇ ಇತ್ತು. ನೀನೇ ಹಾಕೋದು ಮರೆತಿರ್ತೀಯ."

ಹಾಕಿದ್ದು ಭೀಮೇಶನಿಗೆ ನೆನಪಿತ್ತು. ಎರಡು ಸಲ ಎಳೆದು ನೋಡಿದ್ದೂ ನೆನಪಿತ್ತು. ಆದರೆ ಅವನು ತನ್ನ ನೆನಪನ್ನು ಪೂರ್ತಿ ನಂಬಿದವನಲ್ಲ. ಇರಬಹುದೇನೋ ಎಂದುಕೊಂಡು ಷಟರ್ ಪೂರ್ತಿ ಎತ್ತಿದ.

ಕಾರು ಅರವತ್ತರ ದಶಕದ ಫಿಯೆಟ್. ಯಾರೋ ಪುಣ್ಯಾತ್ಮರು ಅದರ ತಲೆ ಕತ್ತರಿಸಿ, ಬಾನೆಟ್ ಕಿತ್ತು, ದುಪ್ಪಟ್ಟು ದೊಡ್ಡ ಎಂಜಿನ್ ಕೂರಿಸಿ ಡ್ರ್ಯಾಗ್ ರೇಸಿಗೆ ಇಳಿಸಿದ್ದರು. ತಿರುವು ಗಿರುವು ಇಲ್ಲದ ಓಟ ಅದು. ಕಾಲು ಮೈಲಿ ನೇರ ರಸ್ತೆ, ಮೊದಲು ಮುಟ್ಟಿದವರದ್ದು ಗೆಲುವು. ಕೋಣನಕುಂಟೆಯ ಕೆಂಪರಾಜು ಅದನ್ನು ಕೊಂಡು, ಭಾನುವಾರದ ಹಳೇ ಕಾರುಗಳ ಪ್ರದರ್ಶನಕ್ಕೆ ಸಜ್ಜು ಮಾಡಲು ಬಿಟ್ಟುಹೋಗಿದ್ದ.

ಒಂಬತ್ತಕ್ಕೆ ಅವನೇ ಬಂದ. ಕಾರಿನ ಮುಂದೆ ನಿಲ್ಲಿಸಲು ಒಂದು ಬೋರ್ಡು ಬರೆಸಬೇಕಿತ್ತಂತೆ. ಮೊಬೈಲು ನೋಡಿಕೊಂಡು ಓದಿದ. "ಫಸ್ಟ್ ಓನರ್ರು ಕಾಫಿ ಎಸ್ಟೇಟ್ ಸಾಹುಕಾರ್ರು. ಆಮೇಲೆ ಜಯನಗರದ ಹಲ್ಲಿನ ಡಾಕ್ಟ್ರು. ಆಮೇಲೆ ಅರೆಕೆರೆ ಹತ್ರ ತೋಟ ಇತ್ತಲ್ಲ, ಸೀತಾಲಕ್ಷ್ಮಿ ಮೇಡಂ. ಈಗ ನಾನು. ಸರಿನಾ?"

"ಡಾಕ್ಟ್ರಿಗೂ ಮೇಡಂಗೂ ಮಧ್ಯ ಒಬ್ರು ಬಿಟ್ಟೋದ್ರು ಸಾರ್," ಎಂದರು ಪಾಪಯ್ಯ. "ರೇವಣಸಿದ್ದಪ್ಪ. ಎಂಬತ್ತೊಂದನೇ ಇಸವಿ."

"ಗೊತ್ತು ಪಾಪಯ್ಯ, ಬೇಕಂತ್ಲೇ ಬಿಟ್ಟೆ. ಆಕ್ಸಿಡೆಂಟ್ ಗಾಡಿ ಅಂದ್ರೆ ಯಾರು ಹತ್ರ ಬರ್ತಾರೆ? ಅದೂ ಅಲ್ದೆ ಯಾರಿಂದ ಆಯ್ತು ಅಂತ ಬರೆದ್ರೆ ನಿನಗೇ ಮುಜುಗರ."

ಭೀಮೇಶ್ ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಓಟದ ಕೊನೆಯಲ್ಲಿ ಕಾರು ಪಕ್ಕಕ್ಕೆ ಎಳೆದು ಉರುಳಿತ್ತು. ರೇವಣಸಿದ್ದಪ್ಪ ಸಾಯುವವರೆಗೂ ಮತ್ತೆ ನಡೆಯಲಿಲ್ಲ. ಸ್ಟೇರಿಂಗಿನ ನಟ್ಟು ಸಡಿಲವಾಗದಂತೆ ಅದಕ್ಕೆ ತಂತಿ ಪೋಣಿಸಿ, ಹುರಿ ತಿರುಗಿಸಿ ಬಿಗಿಯಬೇಕು. ಮೆಕ್ಯಾನಿಕ್ ಪಾಪಯ್ಯ ಅದನ್ನು ಮರೆತ, ನಟ್ಟು ಕಳಚಿಕೊಂಡಿತು ಎಂದು ಅಲ್ಲಿದ್ದವರೆಲ್ಲ ಹೇಳಿದರು. ಬಗ್ಗಿ ಕೆಳಗೆ ನೋಡಿದವರು ಯಾರೂ ಇರಲಿಲ್ಲ. ಅಲ್ಲಿಂದಾಚೆ ಪಾಪಯ್ಯನವರನ್ನು ಆ ಕಾರಿನ ಹತ್ತಿರಕ್ಕೂ ಸೇರಿಸಲಿಲ್ಲ. ಕಾರೂ ಮತ್ತೆ ಓಡಲಿಲ್ಲ. ಮೇಡಂ ಬಣ್ಣ ಬಳಿಸಿ ತೋಟದಲ್ಲಿ ಅಂದಕ್ಕೆ ನಿಲ್ಲಿಸಿಕೊಂಡಿದ್ದರು.

"ತಂತಿ ಕಟ್ಟಿದ್ದೆ ಸಾರ್. ಕೆಳಗೆ ನೋಡಿ, ಈಗ್ಲೂ ಇರುತ್ತೆ."

"ಇದ್ರೆ ನಿನ್ ಹೆಸ್ರೇ ದಪ್ಪಕ್ಷರದಲ್ಲಿ ಬರೆಸ್ತೀನಿ, ಬಿಡು," ಎಂದು ಕೆಂಪರಾಜು ನಕ್ಕ.

ಭೀಮೇಶ್ ಟಾರ್ಚು ಹಿಡಿದು ಕಾರಿನ ಕೆಳಕ್ಕೆ ಜಾರಿದ. ನಟ್ಟು ಇತ್ತು. ನಟ್ಟಿಗೆ ತಂತಿಯೂ ಇತ್ತು. ಹುರಿ ಎಡಕ್ಕೆ ತಿರುಗಿತ್ತು. ಹಾಗೆ ಎಡಕ್ಕೆ ಹುರಿ ಹಾಕುತ್ತಿದ್ದವರು, ಅವನಿಗೆ ಗೊತ್ತಿದ್ದ ಮಟ್ಟಿಗೆ, ಎಡಗೈಯ ಅಪ್ಪ ಒಬ್ಬರೇ. ಕೂಗಿ ಹೇಳಬೇಕು ಅನ್ನುವಷ್ಟರಲ್ಲಿ ಏನೋ ಮಿನುಗಿತು. ಅಕ್ಕಪಕ್ಕದ ಬೋಲ್ಟುಗಳ ಮೇಲೆ ಮಣ್ಣು, ಗ್ರೀಸು ಗಾರೆಯಂತೆ ಗಟ್ಟಿಯಾಗಿತ್ತು. ತಂತಿಗೂ ಮಣ್ಣು ಮೆತ್ತಿತ್ತು. ಆದರೆ ಅದರ ಕತ್ತರಿಸಿದ ತುದಿ ಮಾತ್ರ ಹೊಸ ಸೂಜಿಯಂತೆ ಬೆಳ್ಳಗಿತ್ತು. ಲಾರಿಯಿಂದ ಇಳಿಸುವಾಗ ಸರಪಳಿ ಉಜ್ಜಿದ್ದರೂ ಹೀಗೆ ಹೊಳೆಯಬಹುದು. ಹೊಳೆಯಬಹುದೇ?

"ಏನೋ, ಇದೆಯಾ?" ಕೆಂಪರಾಜು ಮೊಬೈಲು ಹಿಡಿದು ಬಗ್ಗಿದ.

ಭೀಮೇಶನ ಹೆಬ್ಬೆರಳು ತಾನಾಗಿ ಆ ತುದಿಯನ್ನು ಮುಚ್ಚಿತು. "ಇದೆ ಸಾರ್. ನೋಡಿ, ನೋಡಿ."

ಫೋಟೊ ತೆಗೆದು ಮೇಲೆದ್ದ ಕೆಂಪರಾಜುವಿನ ದನಿಯೇ ಬೇರೆಯಾಗಿತ್ತು. "ಪಾಪಯ್ಯನವರೇ, ಇಷ್ಟು ವರ್ಷ ನಿಮ್ಮನ್ನ ಸುಮ್‌ಸುಮ್ನೆ ಅಂದ್ವಲ್ರೀ! ರೇವಣಸಿದ್ದಪ್ಪನ ಹೆಸ್ರೂ ಹಾಕಿಸ್ತೀನಿ, ನಿಮ್ ಹೆಸ್ರೂ ಹಾಕಿಸ್ತೀನಿ. ಭಾನುವಾರ ಗಾಡಿ ಪಕ್ಕ ನೀವೇ ನಿಂತ್ಕೋಬೇಕು." ಎದುರಂಗಡಿಯಿಂದ ಟೀ ತರಿಸಿ ಅವನೇ ಕೈಗೆ ಕೊಟ್ಟ. ಯಾವತ್ತೂ ಎಡಗೈಯಲ್ಲೇ ಟೀ ಲೋಟ ಹಿಡಿಯುವ ಪಾಪಯ್ಯ ಅದನ್ನು ಬಲಗೈಯಲ್ಲಿ ಇಸಿದುಕೊಂಡರು. ಎಡಗೈ ಮಡಿಲಲ್ಲಿದ್ದ ಟವೆಲಿನೊಳಗಿತ್ತು.

ಕೆಂಪರಾಜು ಹೊರಟುಹೋದ ಮೇಲೆ ಭೀಮೇಶ್ ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತ. "ಎಡಗೈ ತೋರ್ಸಪ್ಪ."

"ಯಾಕೆ, ಭವಿಷ್ಯ ಹೇಳ್ತೀಯಾ?"

ಟವೆಲು ಅಲುಗಲಿಲ್ಲ. ಭೀಮೇಶ್ ಎಳೆದು ನೋಡಬಹುದಿತ್ತು. ನೋಡಲಿಲ್ಲ. ಇವತ್ತು ಕಟ್ಟಿದ್ದಾರೆ ಎಂದೇ ಇಟ್ಟುಕೊಂಡರೂ ಅವತ್ತು ಕಟ್ಟಿರಲಿಲ್ಲ ಎಂದು ಹೇಳುವುದು ಹೇಗೆ ಎಂದು ಅವನ ಮನಸ್ಸು ಒಂದೇ ಕಡೆ ಸುತ್ತುತ್ತಿತ್ತು.

ಪಾಪಯ್ಯ ಲೋಟ ಖಾಲಿ ಮಾಡಿ ಕೆಳಗಿಟ್ಟರು. "ಕೆಳಗೆಲ್ಲ ಕಪ್ಪು ಪೇಂಟ್ ಹೊಡೀಬೇಕಲ್ವಾ? ಆ ನಟ್ಟಿನ ಹತ್ರ ಎರಡು ಕೋಟ್ ಹೊಡಿ. ತುಕ್ಕು ಹಿಡಿಯುತ್ತೆ."

ಆ ತಂತಿ ಎಂಬತ್ತೊಂದರದ್ದೋ, ಅವತ್ತಿನ ಬೆಳಗಿನದ್ದೋ, ಹೇಳುತ್ತಿರುವವರಿಗೆ ಗೊತ್ತಿಲ್ಲ. ಭೀಮೇಶನಿಗೂ ಗೊತ್ತಿಲ್ಲ. ಅವನು ಬ್ರಷ್ಷು ಹಿಡಿದು ಮತ್ತೆ ಕೆಳಕ್ಕೆ ಜಾರಿದ. ಎರಡು ಕೋಟು ಹೊಡೆದು, ಒಣಗುವವರೆಗೆ ಅಲ್ಲೇ ಮಲಗಿದ್ದು, ಮೂರನೆಯದನ್ನೂ ಹೊಡೆದ.